ಹೊಟ್ಟೆ ತೆರೆದು ನೋಡುವುದೋ, ಇನ್ನೊಂದು ಪರೀಕ್ಷೆ ಮಾಡಿಸುವುದೋ: ನಾಯಿ, ಬೆಕ್ಕು ಸಾಕಿದವರಿಗೆ ಒಂದು ಹೋಲಿಕೆ

ಮಾವಿನ ಸುಗ್ಗಿಯ ದಿನಗಳಲ್ಲಿ ನಮ್ಮ ಪಶು ಚಿಕಿತ್ಸಾಲಯದ ಮೇಜಿನ ಮೇಲೆ ಬಂದು ಮಲಗುವ ಲ್ಯಾಬ್ರಡಾರ್ ನಾಯಿಗಳ ಕಥೆ ಹೆಚ್ಚುಕಡಿಮೆ ಒಂದೇ ಬಗೆಯದು. ಎರಡು ದಿನದಿಂದ ವಾಂತಿ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲೆತ್ತಿ, ಅಡ್ಡಬಿದ್ದು ನಮಸ್ಕರಿಸುವಂತೆ ನಿಲ್ಲುತ್ತದೆ. ಮನೆಯವರನ್ನು ಕೇಳಿದರೆ ಮೊಸರನ್ನವಲ್ಲದೆ ಬೇರೇನೂ ತಿಂದಿಲ್ಲವೆನ್ನುತ್ತಾರೆ. ಹಿತ್ತಲಲ್ಲಿ ಉದುರಿದ ಹಣ್ಣುಗಳ ನೆನಪು ಬರುವುದು ಮೂರನೆಯ ಸಲ ಕೇಳಿದಾಗ. ಮೂಳೆ, ನಾಣ್ಯ, ಕಲ್ಲುಗಳು ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುವಂತೆ ಮಾವಿನ ವಾಟೆ ಕಾಣುವುದಿಲ್ಲ. ಅದರ ಹಿಂದೆ ಗಾಳಿ ತುಂಬಿ ಉಬ್ಬಿದ ಕರುಳು ಮಾತ್ರ ಕಾಣುತ್ತದೆ. ಆಗ ವೈದ್ಯರು ಹೊಟ್ಟೆ ತೆರೆದು ನೋಡಬೇಕಾಗಬಹುದು ಎನ್ನುತ್ತಾರೆ. ಕೇಳಿದವರಿಗೆ ಅದು ‘ಏನಿದೆಯೆಂದು ನಮಗೂ ಗೊತ್ತಿಲ್ಲ, ಕೊಯ್ದು ಹುಡುಕುತ್ತೇವೆ’ ಎಂದು ಕೇಳಿಸುತ್ತದೆ.

ಹಾಗೆ ಕೇಳಿಸುವುದರಲ್ಲಿ ತಪ್ಪೇನಿಲ್ಲ, ಏಕೆಂದರೆ ಎಕ್ಸ್‌ಪ್ಲೋರೇಟರಿ ಲ್ಯಾಪರಾಟಮಿ ಎಂಬ ಈ ಶಸ್ತ್ರಚಿಕಿತ್ಸೆಯ ಹೆಸರಿನಲ್ಲೇ ಹುಡುಕಾಟವಿದೆ. ಆದರೆ ಸ್ಕ್ಯಾನ್, ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸುವ ಎಂಡೋಸ್ಕೋಪಿ, ಕಾದು ನೋಡುವುದು, ತೆರೆದು ನೋಡುವುದು ಎಂಬ ದಾರಿಗಳನ್ನು ಯಾವುದು ಸುಲಭ, ಯಾವುದು ಭಯಾನಕ ಎಂಬ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ. ನಾನು ಬಳಸುವ ಅಳತೆ ಬೇರೆ: ಮುಂದಿನ ಪರೀಕ್ಷೆಯ ಉತ್ತರದಿಂದ ನಾಳೆ ಬೆಳಿಗ್ಗೆ ನಾವು ಮಾಡುವ ಕೆಲಸ ಬದಲಾಗುತ್ತದೆಯೇ? ಬದಲಾಗುವುದಾದರೆ ಆ ಪರೀಕ್ಷೆಯನ್ನು ಮಾಡಿಸಲೇಬೇಕು. ಏನೇ ಉತ್ತರ ಬಂದರೂ ಹೊಟ್ಟೆ ತೆರೆಯುವುದೇ ಆದರೆ, ಪರೀಕ್ಷೆಯ ಹೆಸರಿನಲ್ಲಿ ಕಳೆಯುವ ಪ್ರತಿ ಗಂಟೆಯೂ ಪ್ರಾಣಿಯ ಲೆಕ್ಕದಿಂದ ಕಳೆದುಹೋಗುತ್ತದೆ.

ತೆರೆದಾಗ ಆಗುವುದೇನು

ಪೂರ್ಣ ಅರಿವಳಿಕೆಯಲ್ಲಿ ನಾಯಿಯನ್ನು ಅಂಗಾತ ಮಲಗಿಸಿ, ಕೂದಲು ಬೋಳಿಸಿ, ಎದೆಗೂಡು ಮುಗಿಯುವಲ್ಲಿಂದ ಹೊಟ್ಟೆಯ ನಡುಗೆರೆಯಲ್ಲಿ ಕೆಳಗಿನವರೆಗೆ ಉದ್ದಕ್ಕೆ ಕೊಯ್ಯಲಾಗುತ್ತದೆ. ಎರಡೂ ಬದಿಯ ಸ್ನಾಯುಗಳು ಸೇರುವ ಈ ಗೆರೆಯಲ್ಲಿ ರಕ್ತನಾಳಗಳು ಕಡಿಮೆ. ಕೊಯ್ತ ಇಷ್ಟು ಉದ್ದವೇಕೆ ಎಂದು ಮನೆಯವರು ಹೊಲಿಗೆ ನೋಡಿ ಬೇಸರಪಡುತ್ತಾರೆ, ಆದರೆ ಸಣ್ಣ ಕಿಂಡಿಯಿಂದ ಇಣುಕಿದರೆ ಹುಡುಕಾಟ ಅರ್ಧವೇ ಆಗುತ್ತದೆ, ಮತ್ತು ಗಾಯ ಮಾಗುವುದು ಒಂದು ತುದಿಯಿಂದ ಇನ್ನೊಂದು ತುದಿಗಲ್ಲ, ಅಂಚಿನಿಂದ ಅಂಚಿಗೆ. ಆದ್ದರಿಂದ ಉದ್ದದ ಕೊಯ್ತ ಮಾಗಲು ಹೆಚ್ಚು ದಿನವೇನೂ ತೆಗೆದುಕೊಳ್ಳುವುದಿಲ್ಲ. ಆಮೇಲೆ ಪಿತ್ತಜನಕಾಂಗ, ಪಿತ್ತಕೋಶ, ಜಠರ, ಗುಲ್ಮ (ಸ್ಪ್ಲೀನ್), ಮೇದೋಜೀರಕ ಗ್ರಂಥಿ, ಎರಡು ಮೂತ್ರಪಿಂಡ, ಮೂತ್ರಕೋಶ, ಗರ್ಭಕೋಶ, ಹಾಗೂ ಕರುಳನ್ನು ಮೊದಲಿಂದ ಕೊನೆಯವರೆಗೆ ಗೇಣುಗೇಣಾಗಿ ಬೆರಳುಗಳ ನಡುವೆ ಸರಿಸುತ್ತ ನೋಡಲಾಗುತ್ತದೆ. ಒಂದು ತೊಂದರೆ ಕಣ್ಣಿಗೆ ಬಿದ್ದ ಮೇಲೂ ಉಳಿದುದನ್ನೆಲ್ಲ ನೋಡದೆ ಮುಚ್ಚುವಂತಿಲ್ಲ, ಏಕೆಂದರೆ ಒಂದು ವಾಟೆ ನುಂಗಿದ ನಾಯಿ ಎರಡನೆಯದನ್ನೂ ನುಂಗಿರುವುದುಂಟು.

ಸಿಕ್ಕಿಕೊಂಡಿದ್ದ ಜಾಗದ ಕರುಳು ನೇರಳೆಗೆ ತಿರುಗಿರುತ್ತದೆ. ವಾಟೆ ತೆಗೆದು, ಬೆಚ್ಚಗಿನ ಸಲೈನಿನಲ್ಲಿ ತೊಯ್ದ ಬಟ್ಟೆ ಹೊದಿಸಿ, ಕೆಲವು ನಿಮಿಷ ಸುಮ್ಮನೆ ಕಾದರೆ ಆ ನೇರಳೆ ಮೆಲ್ಲಗೆ ಕೆಂಪಾಗಿ, ಕೆಂಪು ಗುಲಾಬಿಯಾಗಿ, ಬೆರಳಿನಿಂದ ಚಿವುಟಿದಾಗ ಹುಳುವಿನಂತೆ ಮುದುಡಿದರೆ ಕರುಳು ಬದುಕಿದೆಯೆಂದರ್ಥ. ಬಣ್ಣ ಬರದೆ, ಮುದುಡದೆ ಉಳಿದರೆ ಆ ತುಂಡನ್ನೇ ಕತ್ತರಿಸಿ ತುದಿಗಳನ್ನು ಜೋಡಿಸಬೇಕು. ಯಾವ ಸ್ಕ್ಯಾನೂ ಈ ತೀರ್ಪನ್ನು ಹೀಗೆ ಕೊಡಲಾರದು. ತೆರೆದು ನೋಡುವ ದಾರಿಯ ನಿಜವಾದ ಬಲ ಇಲ್ಲಿದೆ: ರೋಗ ಪತ್ತೆ, ಮಾದರಿ ಸಂಗ್ರಹ, ಚಿಕಿತ್ಸೆ ಮೂರೂ ಒಂದೇ ಅರಿವಳಿಕೆಯಲ್ಲಿ ಮುಗಿಯುತ್ತವೆ.

ಹಸುವಿನ ಹೊಟ್ಟೆಗೆ ತಂತಿ, ಮೊಳೆ ಸೇರಿದಾಗ ಎಡಪಕ್ಕೆಗೆ ಮರಗಟ್ಟಿಸುವ ಮದ್ದು ಚುಚ್ಚಿ, ಹಸು ನಿಂತಿರುವಂತೆಯೇ ಕೊಯ್ದು, ಮೊಳಕೈವರೆಗೆ ಕೈ ಹಾಕಿ ತೆಗೆಯುವುದನ್ನು ಕಂಡ ಹಳ್ಳಿಯವರು ನಾಯಿಗೆ ಇಷ್ಟೆಲ್ಲ ಸಿದ್ಧತೆ ಏಕೆಂದು ಕೇಳುತ್ತಾರೆ. ನಾಯಿ, ಬೆಕ್ಕುಗಳಲ್ಲಿ ಪೂರ್ತಿ ಹೊಟ್ಟೆಯನ್ನು ನೋಡಬೇಕಿರುವುದರಿಂದ ಪೂರ್ಣ ಅರಿವಳಿಕೆ ತಪ್ಪಿದ್ದಲ್ಲ, ಮತ್ತು ಅಪಾಯದ ಬಹುಪಾಲು ಬರುವುದೂ ಕತ್ತಿಯಿಂದಲ್ಲ, ಆ ಅರಿವಳಿಕೆಯನ್ನು ತಾಳಬೇಕಾದ ದೇಹದ ಸ್ಥಿತಿಯಿಂದ. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಅರಿವಳಿಕೆ ಪಡೆದ ಆರೋಗ್ಯವಂತ ನಾಯಿಗಳಲ್ಲಿ ಸಾವಿನ ಪ್ರಮಾಣ ಶೇಕಡಾ 0.05ರಷ್ಟಿದ್ದರೆ ಕಾಯಿಲೆಯ ನಾಯಿಗಳಲ್ಲಿ ಶೇಕಡಾ 1.33ರಷ್ಟಿತ್ತು, ಬೆಕ್ಕುಗಳಲ್ಲಿ ಇದು 0.11 ಮತ್ತು 1.40. ಬಳಲಿದ, ನೀರಿನಂಶ ಕಳೆದುಕೊಂಡ ಪ್ರಾಣಿಗೆ ಮೊದಲು ಕೆಲವು ಗಂಟೆ ಡ್ರಿಪ್ ಕೊಟ್ಟು ರಕ್ತದೊತ್ತಡ ಸರಿಪಡಿಸುವುದು ಕಾಲಹರಣವಲ್ಲ, ಶಸ್ತ್ರಚಿಕಿತ್ಸೆಯ ಮೊದಲ ಹಂತವೇ ಅದು.

ಹೋಲಿಕೆಗೆ ಎಡೆಯೇ ಇಲ್ಲದ ಸಂದರ್ಭಗಳು

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂತಹ ಆಳವಾದ ಎದೆಯ ದೊಡ್ಡ ನಾಯಿ, ಊಟವಾದ ಮೇಲೆ ಹೊಟ್ಟೆ ಡೋಲಿನಂತೆ ಉಬ್ಬಿ, ಏನೂ ಹೊರಬಾರದ ಓಕರಿಕೆಯಿಂದ ಒದ್ದಾಡುತ್ತಿದ್ದರೆ, ಜಠರ ಉಬ್ಬಿ ತಿರುಚಿಕೊಂಡಿದೆಯೆಂದೇ ಮೊದಲು ತಿಳಿಯಬೇಕು. ಬಲಮಗ್ಗುಲಲ್ಲಿ ಮಲಗಿಸಿ ತೆಗೆದ ಒಂದೇ ಒಂದು ಎಕ್ಸ್‌ರೇ ಸಾಕು. ಆಚೆ ಸ್ಕ್ಯಾನ್ ಇಲ್ಲ, ನಾಳೆ ನೋಡೋಣ ಎಂಬುದಿಲ್ಲ: ಗಾಳಿ ಇಳಿಸಿ, ಡ್ರಿಪ್ ಹಚ್ಚಿ, ಶಸ್ತ್ರಚಿಕಿತ್ಸೆ ಮಾಡಿ ಜಠರವನ್ನು ಮತ್ತೆ ತಿರುಚದಂತೆ ಹೊಟ್ಟೆಯ ಗೋಡೆಗೆ ಹೊಲಿಯಬೇಕು. ನಡುರಾತ್ರಿಯಾದರೂ ಹೊರಡಬೇಕಾದ ಕಾಯಿಲೆ ಇದು.

ಹೊಟ್ಟೆಯಲ್ಲಿ ನೀರು ಸೇರಿದ್ದರೆ ಒಂದು ಸಾಮಾನ್ಯ ಸೂಜಿ ಮತ್ತು ಸಿರಿಂಜು ಹೇಳುವಷ್ಟನ್ನು ದೊಡ್ಡ ಯಂತ್ರಗಳೂ ಹೇಳುವುದಿಲ್ಲ. ಆ ನೀರನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಹಾಕಿ ನೋಡಿದಾಗ ಬಿಳಿರಕ್ತಕಣಗಳ ಒಳಗೆ ಬ್ಯಾಕ್ಟೀರಿಯಾಗಳು ಕಂಡರೆ, ಅಥವಾ ನೀರಿನ ಸಕ್ಕರೆ ಅಂಶ ರಕ್ತದ ಸಕ್ಕರೆಗಿಂತ ಡೆಸಿಲೀಟರಿಗೆ 20 ಮಿಲಿಗ್ರಾಂ ಮೀರಿದ ಅಂತರದಿಂದ ಕೆಳಗಿದ್ದರೆ, ಒಳಗೆ ಸೋಂಕು ಹರಡಿದೆ, ಹೆಚ್ಚಾಗಿ ಎಲ್ಲೋ ಕರುಳು ತೂತಾಗಿ. ತೆರೆದು ತೊಳೆಯದೆ ಔಷಧಿಯಿಂದ ಅದು ಹೋಗುವುದಿಲ್ಲ. ಕಾರಿಗೆ ಸಿಕ್ಕ ನಾಯಿಯ ಹೊಟ್ಟೆಯ ನೀರಿನಲ್ಲಿ, ಮೂತ್ರದಲ್ಲಿ ಹೊರಹೋಗಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಎರಡು ಪಟ್ಟು ಮೀರಿದ್ದರೆ ಮೂತ್ರಕೋಶ ಅಥವಾ ಮೂತ್ರನಾಳ ಒಡೆದಿದೆ. ಇಲ್ಲಿ ಮಾತ್ರ ಮೊದಲು ಕೊಳವೆಯಿಂದ ಮೂತ್ರ ಹೊರತೆಗೆದು, ರಕ್ತದಲ್ಲಿ ಏರಿದ ಪೊಟ್ಯಾಸಿಯಂ ಇಳಿಸಿ, ಆಮೇಲೆ ತೆರೆಯುವುದು ಕ್ಷೇಮ. ಎಕ್ಸ್‌ರೇಯಲ್ಲಿ ಕರುಳಿನ ಹೊರಗೆ ಗಾಳಿ ಕಂಡರೂ, ಹೊಟ್ಟೆಗೆ ಚುಚ್ಚಿದ ಗಾಯ ಒಳಗಿನವರೆಗೆ ಹೋಗಿದ್ದರೂ ತೆರೆಯಬೇಕು.

ಬೆಕ್ಕಿನ ವಿಷಯದಲ್ಲಿ ಹೂವಿನ ದಾರವನ್ನು ಪ್ರತ್ಯೇಕವಾಗಿ ಹೇಳಬೇಕು. ದೇವರ ಪಟದಿಂದ ಇಳಿಸಿದ ಬಾಡಿದ ಮಲ್ಲಿಗೆ ಮಾಲೆ, ಹೊಲಿಗೆಯ ನೂಲು, ಉಡುಗೊರೆಯ ರಿಬ್ಬನ್ ಇವೆಲ್ಲ ಬೆಕ್ಕಿಗೆ ಆಟಿಕೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗಿಳಿದರೆ, ಕರುಳು ದಾರದ ಮೇಲೆ ಲಂಗದ ನೆರಿಗೆಯಂತೆ ಮುದುಡಿಕೊಂಡು, ಬಿಗಿದ ದಾರ ಒಳಗಿನಿಂದ ಅದನ್ನು ಗರಗಸದಂತೆ ಕೊಯ್ಯುತ್ತದೆ. ವಾಂತಿ ಮಾಡುವ ಬೆಕ್ಕಿನ ನಾಲಿಗೆಯನ್ನು ಎತ್ತಿ ನೋಡುವುದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ದಾರದ ತುದಿ ಬಾಯಲ್ಲಾಗಲಿ ಗುದದಲ್ಲಾಗಲಿ ಕಂಡರೆ ದಯವಿಟ್ಟು ಎಳೆಯಬೇಡಿ. ಎಳೆದವರ ಮನೆಯ ಬೆಕ್ಕುಗಳ ಕರುಳನ್ನು ಹಲವು ಕಡೆ ಹೊಲಿಯಬೇಕಾಗಿ ಬಂದಿದೆ.

ತೆರೆಯಬಾರದ ಸಂದರ್ಭಗಳು

ಇನ್ನೊಂದು ತುದಿಯಲ್ಲಿ, ಶಸ್ತ್ರಚಿಕಿತ್ಸೆಯ ಕಾಯಿಲೆಯಂತೆಯೇ ನಟಿಸುವ ರೋಗಗಳ ಗುಂಪಿದೆ. ಲಸಿಕೆ ಪೂರ್ತಿಯಾಗದ ಮರಿಯ ವಾಂತಿ, ರಕ್ತಭೇದಿಗೆ ಪಾರ್ವೊ ವೈರಸ್ ಕಾರಣವಾಗಿರಬಹುದು. ಕೆಲವೇ ನಿಮಿಷದ ಕಿಟ್ ಪರೀಕ್ಷೆಯಿಂದ ತಿಳಿಯುತ್ತದೆ. ಆದರೆ ಪಾರ್ವೊ ಇದೆಯೆಂದ ಮಾತ್ರಕ್ಕೆ ಹೊಟ್ಟೆಯನ್ನು ಮರೆಯುವಂತಿಲ್ಲ, ಏಕೆಂದರೆ ಅದೇ ಮರಿಗಳಲ್ಲಿ ಕರುಳು ಕರುಳಿನೊಳಕ್ಕೆ ತೂರಿಕೊಳ್ಳುವುದೂ ಇದೆ. ಚೇತರಿಸಿಕೊಳ್ಳುತ್ತಿದ್ದ ಮರಿ ಮತ್ತೆ ವಾಂತಿ ಶುರುಮಾಡಿದರೆ ಸ್ಕ್ಯಾನ್ ಮಾಡಿಸಬೇಕು, ಉಂಗುರದೊಳಗೆ ಉಂಗುರ ಇಟ್ಟಂತಹ ಚಿತ್ರ ಅದನ್ನು ಹೇಳಿಬಿಡುತ್ತದೆ. ಹಬ್ಬದ ಮರುದಿನ ಕರಿದ ತಿಂಡಿ, ಕೊಬ್ಬಿನ ಮಾಂಸ ತಿಂದ ನಾಯಿಯ ನೋವು ಮೇದೋಜೀರಕ ಗ್ರಂಥಿಯ ಉರಿಯೂತವಾಗಿರಬಹುದು. ಅದಕ್ಕೆ ಸಾಮಾನ್ಯವಾಗಿ ಡ್ರಿಪ್, ನೋವುಶಮನ, ವಾಂತಿಯ ಔಷಧಿ ಸಾಕು. ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳು ಕಡಿಮೆಯಾಗುವ ಅಡಿಸನ್ ಕಾಯಿಲೆಯಲ್ಲಿ ನಾಯಿ ವಾಂತಿ ಮಾಡಿ ಕುಸಿಯುತ್ತದೆ, ಡ್ರಿಪ್ ಕೊಟ್ಟರೆ ಎದ್ದು ಕೂರುತ್ತದೆ, ಕೆಲವು ವಾರಕ್ಕೆ ಮತ್ತೆ ಕುಸಿಯುತ್ತದೆ. ರಕ್ತದ ಸೋಡಿಯಂ, ಪೊಟ್ಯಾಸಿಯಂ ಅನುಪಾತ 27ಕ್ಕಿಂತ ಕೆಳಗಿದ್ದರೆ ಅನುಮಾನಪಡಬೇಕು. ಇಂತಹ ನಾಯಿಯನ್ನು ತಿಳಿಯದೆ ಅರಿವಳಿಕೆಗೆ ಒಡ್ಡುವುದು ಸಾವಿನ ಬಾಗಿಲಿಗೆ ಕೊಂಡೊಯ್ದಂತೆ. ಮಳೆಗಾಲದಲ್ಲಿ ಇಲಿಜ್ವರವನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ.

ನಮ್ಮ ಕಡೆಯ ನಾಯಿಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಉಣ್ಣೆ ಕಚ್ಚುವುದರಿಂದ ಬರುವ ಎರ್ಲಿಕಿಯಾ, ಬೇಬಿಸಿಯಾ ಸೋಂಕುಗಳು ಇಲ್ಲಿ ದಿನನಿತ್ಯದ ಕಾಯಿಲೆಗಳು. ಅವು ಗುಲ್ಮವನ್ನು ಹಿಗ್ಗಿಸುತ್ತವೆ ಮತ್ತು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಇಳಿಸುತ್ತವೆ. ಆದ್ದರಿಂದ ಗುಲ್ಮ ಒಟ್ಟಾರೆ ದೊಡ್ಡದಾಗಿದೆ ಎಂಬ ಸ್ಕ್ಯಾನ್ ವರದಿಯನ್ನು ಹಿಡಿದು ಶಸ್ತ್ರಚಿಕಿತ್ಸೆಗೆ ಹೊರಡುವ ಮುನ್ನ ಉಣ್ಣೆಜ್ವರದ ಪರೀಕ್ಷೆ, ಮತ್ತು ಯಾವ ಕಾರಣಕ್ಕೇ ಹೊಟ್ಟೆ ತೆರೆಯುವುದಾದರೂ ಪ್ಲೇಟ್‌ಲೆಟ್ ಎಣಿಕೆ ಆಗಲೇಬೇಕು. ಇಷ್ಟು ಸಣ್ಣ ಪರೀಕ್ಷೆಯನ್ನು ಅವಸರದಲ್ಲಿ ಬಿಟ್ಟು, ಚರ್ಮ ಕೊಯ್ದ ಮೇಲೆ ರಕ್ತ ನಿಲ್ಲದೆ ಪರದಾಡಿದ ನೆನಪು ನನಗೂ ಇದೆ. ಅಂದಿನಿಂದ ನಾನು ಆ ಸಂಖ್ಯೆಯನ್ನು ನೋಡದೆ ಕೈತೊಳೆಯಲು ಹೋಗುವುದಿಲ್ಲ.

ನಡುವಿನ ವಿಶಾಲ ಜಾಗ: ಎಕ್ಸ್‌ರೇ, ಸ್ಕ್ಯಾನ್, ಎಂಡೋಸ್ಕೋಪಿ

ಬಹುಪಾಲು ಪ್ರಾಣಿಗಳು ಈ ಎರಡು ತುದಿಗಳ ನಡುವೆ ಇರುತ್ತವೆ, ಮತ್ತು ನಿಜವಾದ ಹೋಲಿಕೆ ಬೇಕಾಗುವುದು ಅಲ್ಲಿಯೇ.

ಎಕ್ಸ್‌ರೇ ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ, ಅರಿವಳಿಕೆ ಸಾಮಾನ್ಯವಾಗಿ ಬೇಡ, ನಿಮಿಷಗಳಲ್ಲಿ ಮುಗಿಯುತ್ತದೆ. ಅದರ ಕೊರತೆ ಹೆಚ್ಚಾಗಿ ಯಂತ್ರದ್ದಲ್ಲ, ಮಿತವ್ಯಯದ್ದು: ಒಂದೇ ಚಿತ್ರ ತೆಗೆದು ಏನೂ ಇಲ್ಲ ಎಂದುಬಿಡುತ್ತಾರೆ. ಎಡಮಗ್ಗುಲು, ಬಲಮಗ್ಗುಲು, ಅಂಗಾತ ಹೀಗೆ ಮೂರು ಚಿತ್ರಗಳು ಬೇಕು. ಎಡಮಗ್ಗುಲಲ್ಲಿ ಮಲಗಿಸಿದಾಗ ಜಠರದ ಗಾಳಿ ಹೊರದ್ವಾರದ ಕಡೆಗೆ ಸರಿದು, ಅಲ್ಲಿ ಸಿಕ್ಕಿಕೊಂಡ ವಸ್ತುವಿನ ಅಂಚನ್ನು ಗೆರೆ ಎಳೆದಂತೆ ತೋರಿಸುವುದುಂಟು. ನಾಯಿಯ ಕರುಳಿನ ಅಗಲ ಸೊಂಟದ ಐದನೆಯ ಕಶೇರುಕದ ಎತ್ತರದ 1.6 ಪಟ್ಟಿಗಿಂತ ಹೆಚ್ಚಿದ್ದರೆ ಅಡಚಣೆಯ ಅನುಮಾನ ಬಲವಾಗುತ್ತದೆ. ಚಿತ್ರದಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರಾವಣ ಕುಡಿಸಿ ಸರಣಿ ಚಿತ್ರ ತೆಗೆಯುವ ಹಳೆಯ ಕ್ರಮವನ್ನು ನಾನು ಈಗ ಸುಲಭಕ್ಕೆ ಒಪ್ಪುವುದಿಲ್ಲ: ಗಂಟೆಗಟ್ಟಲೆ ಕಾಯಬೇಕು, ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಹುದು, ಕರುಳು ತೂತಾಗಿದ್ದರೆ ಹೊಟ್ಟೆಯೊಳಗೆ ಚೆಲ್ಲಿದ ಬೇರಿಯಂ ಸೋಂಕನ್ನು ಇನ್ನಷ್ಟು ಕೆಡಿಸುತ್ತದೆ.

ಅಲ್ಟ್ರಾಸೌಂಡ್ ಸ್ಕ್ಯಾನ್ ಕರುಳಿನ ಗೋಡೆಯ ಪದರಗಳನ್ನು, ಚಲನೆಯನ್ನು, ಗಡ್ಡೆಯ ಒಳರಚನೆಯನ್ನು, ಚಮಚದಷ್ಟು ನೀರನ್ನೂ ತೋರಿಸುತ್ತದೆ. ವಾಂತಿ ಮಾಡುವ ನಾಯಿಗಳಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನವೊಂದರಲ್ಲಿ ಸಣ್ಣಕರುಳಿನ ಅಡಚಣೆ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಲು ಎಕ್ಸ್‌ರೇಗೆ ಶೇಕಡಾ 70ರಷ್ಟು, ಸ್ಕ್ಯಾನ್‌ಗೆ ಶೇಕಡಾ 97ರಷ್ಟು ಪ್ರಕರಣಗಳಲ್ಲಿ ಸಾಧ್ಯವಾಗಿತ್ತು. ಆದರೆ ಆ ಸ್ಕ್ಯಾನ್ ಮಾಡಿದ್ದು ಪಳಗಿದ ಕೈಗಳೆಂಬುದನ್ನು ಮರೆಯಬಾರದು. ಕರುಳಲ್ಲಿ ಗಾಳಿ ತುಂಬಿದ್ದರೆ ಶಬ್ದದ ಅಲೆ ಮುಂದೆ ಹೋಗುವುದಿಲ್ಲ, ಕೂದಲು ಬೋಳಿಸದೆ ಜೆಲ್ ಹಚ್ಚಿ ನೋಡಿದರೆ ಚಿತ್ರ ಮಂಜಾಗುತ್ತದೆ, ಮತ್ತು ಮನುಷ್ಯರ ಸ್ಕ್ಯಾನ್ ಓದುವ ಅಭ್ಯಾಸ ನಾಯಿಯ ಹೊಟ್ಟೆಗೆ ಹಾಗೇ ಒಗ್ಗುವುದಿಲ್ಲ. ಆದ್ದರಿಂದ ‘ಸ್ಕ್ಯಾನ್ ನಾರ್ಮಲ್’ ಎಂಬ ಎರಡು ಪದದ ವರದಿಗಿಂತ, ಯಾವ ಯಾವ ಅಂಗ ಸ್ಪಷ್ಟವಾಗಿ ಕಂಡಿತು, ಯಾವುದು ಕಾಣಲಿಲ್ಲ ಎಂದು ಬರೆದ ವರದಿಯನ್ನು ನಂಬಿ.

ಎಂಡೋಸ್ಕೋಪಿಗೆ ಅರಿವಳಿಕೆ ಬೇಕು, ಕೊಯ್ತ ಬೇಡ. ನಾಣ್ಯ, ಕಾಲುಚೀಲ, ಸಣ್ಣ ಆಟಿಕೆ ಇನ್ನೂ ಜಠರದಲ್ಲೇ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಾಯಿ ಅಂದೇ ಸಂಜೆ ಮನೆಗೆ ಹೋಗುತ್ತದೆ. ಜಾರುವ ದೊಡ್ಡ ಮಾವಿನ ವಾಟೆಯ ಮೇಲೆ ಅದರ ಹಿಡಿತ ಕೂರುವುದು ಕಷ್ಟ, ಜಠರ ದಾಟಿ ಕರುಳಿಗಿಳಿದ ವಸ್ತುವಿಗೆ ಸಾಮಾನ್ಯವಾಗಿ ಅದು ಮುಟ್ಟುವುದೂ ಇಲ್ಲ. ಹಾಗಾಗಿ ಎಂಡೋಸ್ಕೋಪಿಯ ವಿಷಯದಲ್ಲಿ ಗಂಟೆಗಳು ಮುಖ್ಯ: ನುಂಗಿದ್ದನ್ನು ಕಣ್ಣಾರೆ ಕಂಡಿದ್ದರೆ ವಾಂತಿ ಶುರುವಾಗಲೆಂದು ಕಾಯದೆ ಅಂದೇ ಹೊರಡಬೇಕು. ಹೊರಡುವ ಮೊದಲು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡ. ಅತಿಯಾದ ಉಪ್ಪು ನಾಯಿಯ ಮಿದುಳಿಗೇ ಅಪಾಯ ತರಬಲ್ಲದು, ಚೂಪಾದ ವಸ್ತು ಬರುವ ದಾರಿಯಲ್ಲಿ ಅನ್ನನಾಳವನ್ನು ಹರಿಯಬಲ್ಲದು.

ಲ್ಯಾಪರೋಸ್ಕೋಪಿ ಮತ್ತು ಸಿ.ಟಿ. ದೊಡ್ಡ ನಗರಗಳ ಮಾತು. ಕೆಲವು ಮಿಲಿಮೀಟರಿನ ತೂತುಗಳ ಮೂಲಕ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಕ್ಯಾಮೆರಾದಿಂದ ನೋಡುವ ಲ್ಯಾಪರೋಸ್ಕೋಪಿ, ಪಿತ್ತಜನಕಾಂಗದ ತುಣುಕು ತೆಗೆಯಲು ಸೊಗಸಾದ ವಿಧಾನ. ನೋವು ಕಡಿಮೆ, ಚೇತರಿಕೆ ಬೇಗ. ಉಬ್ಬಿದ ಕರುಳು, ಸೋಂಕು, ರಕ್ತಸ್ರಾವ ಇರುವಲ್ಲಿ ಅದು ಸಲ್ಲದು. ಸಿ.ಟಿ. ಹುಟ್ಟಿನಿಂದ ಬಂದ ರಕ್ತನಾಳದ ದೋಷ ಹುಡುಕಲು, ದೊಡ್ಡ ಗಡ್ಡೆಯನ್ನು ತೆಗೆಯಲು ಬರುವುದೋ ಇಲ್ಲವೋ ಎಂದು ಮೊದಲೇ ಅಳೆಯಲು ಉಪಯುಕ್ತ. ಮಾವಿನ ವಾಟೆಗೆ ಸಿ.ಟಿ. ಮಾಡಿಸಿ ಎಂದು ಯಾರಾದರೂ ಹೇಳಿದರೆ ಏಕೆಂದು ಕೇಳುವ ಹಕ್ಕು ನಿಮಗಿದೆ.

ಬಹುದಿನದ ಕಾಯಿಲೆಯ ಬೆಕ್ಕು

ತಿಂಗಳುಗಳಿಂದ ತೂಕ ಇಳಿಯುತ್ತ, ಆಗಾಗ ವಾಂತಿ ಮಾಡುತ್ತ, ಆದರೂ ತಿನ್ನುತ್ತಲೇ ಇರುವ ವಯಸ್ಸಾದ ಬೆಕ್ಕಿನ ಪ್ರಶ್ನೆ ಬೇರೆ ಬಗೆಯದು. ಮೊದಲು ಥೈರಾಯ್ಡ್, ಮೂತ್ರಪಿಂಡಗಳ ರಕ್ತಪರೀಕ್ಷೆ ಮುಗಿಸಬೇಕು. ಅವು ಸರಿಯಿದ್ದರೆ ಉಳಿಯುವ ದೊಡ್ಡ ಅನುಮಾನಗಳು ಎರಡು: ಕರುಳಿನ ದೀರ್ಘಕಾಲದ ಉರಿಯೂತ, ಇಲ್ಲವೇ ನಿಧಾನವಾಗಿ ಬೆಳೆಯುವ ಲಿಂಫೋಮಾ ಎಂಬ ಕ್ಯಾನ್ಸರ್. ಸ್ಕ್ಯಾನಿನಲ್ಲಿ ಎರಡೂ ದಪ್ಪಗಾದ ಕರುಳಿನ ಗೋಡೆಯಾಗಿಯೇ ಕಾಣಬಹುದು. ಬೇರ್ಪಡಿಸಲು ಮಾಂಸದ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕು. ಎಂಡೋಸ್ಕೋಪಿಯಲ್ಲಿ ಸಿಗುವುದು ಒಳಪದರದ ಚಿವುಟು ಮಾತ್ರ, ಅದೂ ಸಣ್ಣಕರುಳಿನ ಮೊದಲ ಭಾಗದಿಂದ. ಲಿಂಫೋಮಾ ಹೆಚ್ಚಾಗಿ ಕೂರುವುದು ಅದರ ಮುಂದಿನ ಭಾಗಗಳಲ್ಲಿ. ತೆರೆದು ತೆಗೆದ ತುಣುಕಿನಲ್ಲಿ ಗೋಡೆಯ ಎಲ್ಲ ಪದರಗಳೂ ಇರುತ್ತವೆ, ಜೊತೆಗೆ ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿ, ದುಗ್ಧರಸ ಗ್ರಂಥಿಗಳ (ಲಿಂಫ್ ನೋಡ್) ಮಾದರಿಯೂ ಸಿಗುತ್ತದೆ. ಆದರೆ ಕರುಳಿಗೆ ಹಾಕಿದ ಪ್ರತಿ ಹೊಲಿಗೆಯೂ ಸೋರಬಹುದಾದ ಜಾಗ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ತೀರ ಕಡಿಮೆಯಿರುವ ಬೆಕ್ಕಿನಲ್ಲಿ ಈ ಭಯ ಹೆಚ್ಚು. ಆದ್ದರಿಂದ ಬೆಕ್ಕು ಗಟ್ಟಿಯಾಗಿರುವಾಗಲೇ ತೆರೆದ ಬಯಾಪ್ಸಿಗೆ ನನ್ನ ಮತ. ತೀರ ಬಡಕಲಾಗಿದ್ದರೆ ಎಂಡೋಸ್ಕೋಪಿ, ಅಥವಾ ಯಾವ ಬಯಾಪ್ಸಿಯೂ ಇಲ್ಲದೆ ಆಹಾರ ಬದಲಾವಣೆ ಮತ್ತು ಸ್ಟೀರಾಯ್ಡ್ ಪ್ರಯೋಗ. ಒಂದು ಎಚ್ಚರಿಕೆ: ಸ್ಟೀರಾಯ್ಡ್ ಮೊದಲು ಕೊಟ್ಟು ಬಯಾಪ್ಸಿ ಆಮೇಲೆ ಮಾಡಿದರೆ ವರದಿ ಮಸುಕಾಗುತ್ತದೆ.

ಹೊಟ್ಟೆ ತೆರೆದು ಕಣ್ಣಿಗೆ ಏನೂ ಕಾಣಲಿಲ್ಲವೆಂದರೆ ವ್ಯರ್ಥವಾಯಿತೆಂದು ಕೊರಗುವವರಿದ್ದಾರೆ. ಕಣ್ಣಿಗೆ ಸರಿಯಾಗಿ ಕಂಡ ಕರುಳಿನಲ್ಲೂ ಸೂಕ್ಷ್ಮದರ್ಶಕ ರೋಗ ತೋರಿಸುವುದರಿಂದ, ವ್ಯರ್ಥವಾಗುವುದು ಏನೂ ಕಾಣದಿದ್ದಾಗಲ್ಲ, ಏನೂ ಕಾಣಲಿಲ್ಲವೆಂದು ತುಣುಕು ತೆಗೆಯದೆ ಮುಚ್ಚಿದಾಗ. ಏನೂ ಸಿಗದಿದ್ದರೆ ಎಲ್ಲೆಲ್ಲಿಂದ ಬಯಾಪ್ಸಿ ತೆಗೆಯುತ್ತೀರಿ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಗುಲ್ಮದ ಗಡ್ಡೆ: ಎರಡೂ ಕಡೆ ಕಷ್ಟವಿರುವ ಆಯ್ಕೆ

ಹತ್ತು ವರ್ಷದ ನಾಯಿ ಇದ್ದಕ್ಕಿದ್ದಂತೆ ಕುಸಿದಿದೆ, ಒಸಡು ಸುಣ್ಣದಂತೆ ಬಿಳಿಚಿದೆ, ಹೊಟ್ಟೆಯಲ್ಲಿ ರಕ್ತವಿದೆ, ಸ್ಕ್ಯಾನಿನಲ್ಲಿ ಗುಲ್ಮದ ಮೇಲೊಂದು ಗಡ್ಡೆ. ಪಶುವೈದ್ಯರಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಲೆಕ್ಕದ ಪ್ರಕಾರ ಇಂತಹ ಗಡ್ಡೆಗಳಲ್ಲಿ ಮೂರರಲ್ಲಿ ಎರಡು ಪಾಲು ಕ್ಯಾನ್ಸರ್, ಆ ಕ್ಯಾನ್ಸರ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ರಕ್ತನಾಳಗಳಿಂದ ಹುಟ್ಟುವ ಹೆಮಾಂಜಿಯೋಸಾರ್ಕೋಮಾ. ಅದಾಗಿದ್ದರೆ ಗುಲ್ಮ ತೆಗೆದರೂ ಸಿಗುವ ಆಯುಷ್ಯ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕಿಮೊಥೆರಪಿ ಸೇರಿಸಿದರೆ ನಾಲ್ಕರಿಂದ ಆರು. ಅದಲ್ಲದ ಸಾಧು ಗಡ್ಡೆಯಾಗಿದ್ದರೆ ಶಸ್ತ್ರಚಿಕಿತ್ಸೆಯೇ ಸಂಪೂರ್ಣ ಪರಿಹಾರ. ಸೂಜಿಯಿಂದಾಗಲಿ ಸ್ಕ್ಯಾನಿನಿಂದಾಗಲಿ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ಬಾರದು, ರಕ್ತ ತುಂಬಿದ ಗಡ್ಡೆಗೆ ಸೂಜಿ ಚುಚ್ಚುವುದೂ ಒಳ್ಳೆಯದಲ್ಲ.

ಇಲ್ಲಿ ನಾನು ಮೊದಲು ಎದೆಯ ಎಕ್ಸ್‌ರೇ, ಹೃದಯದ ಸ್ಕ್ಯಾನ್ ಮಾಡಿಸಲು ಹೇಳುತ್ತೇನೆ, ಏಕೆಂದರೆ ಆ ಉತ್ತರ ನಿರ್ಧಾರವನ್ನು ಬದಲಾಯಿಸುತ್ತದೆ: ಶ್ವಾಸಕೋಶಕ್ಕೆ ಹರಡಿದ್ದರೆ, ಹೃದಯದಲ್ಲೂ ಗಡ್ಡೆಯಿದ್ದರೆ ಹೊಟ್ಟೆ ತೆರೆಯುವುದರಲ್ಲಿ ಅರ್ಥವಿಲ್ಲ. ಅವು ಸ್ವಚ್ಛವಾಗಿದ್ದರೆ ತೆರೆಯುವುದೂ ನ್ಯಾಯ, ನೋವಿಲ್ಲದೆ ಕಳಿಸಿಕೊಡುವುದೂ ನ್ಯಾಯ. ಎರಡರಲ್ಲಿ ಒಂದನ್ನು ಆರಿಸಿದವರನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ತೆರೆಯುವುದಾದರೆ, ಪಿತ್ತಜನಕಾಂಗದ ತುಂಬ ಗಡ್ಡೆ ಕಂಡರೆ ನಾಯಿಯನ್ನು ಅರಿವಳಿಕೆಯಿಂದ ಎಬ್ಬಿಸಬೇಕೋ ಬೇಡವೋ ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು. ಪಿತ್ತಜನಕಾಂಗದ ಎಲ್ಲ ಗಂಟುಗಳೂ ಕ್ಯಾನ್ಸರ್ ಅಲ್ಲ, ವಯಸ್ಸಾದ ನಾಯಿಗಳಲ್ಲಿ ನಿರುಪದ್ರವಿ ಗಂಟುಗಳೂ ಸಾಮಾನ್ಯ ಎಂಬುದು ಆ ಮಾತುಕತೆಯಲ್ಲಿ ಬರಲಿ.

ಕಾಯುವುದೂ ಒಂದು ಆಯ್ಕೆ, ಗಡುವಿದ್ದರೆ

ನಾಯಿ ಲವಲವಿಕೆಯಿಂದಿದೆ, ನೀರು ನಿಲ್ಲುತ್ತಿದೆ, ಎಕ್ಸ್‌ರೇ ಅನುಮಾನಾಸ್ಪದ ಅಷ್ಟೆ. ಆಗ ಆಸ್ಪತ್ರೆಯಲ್ಲೇ ಡ್ರಿಪ್ ಹಾಕಿ 12 ಗಂಟೆ ಬಿಟ್ಟು ಮತ್ತೆ ಚಿತ್ರ ತೆಗೆಯುವುದು ಸಮರ್ಪಕ. ವಸ್ತು ಮುಂದೆ ಸರಿದಿದ್ದರೆ ಇನ್ನಷ್ಟು ಕಾಯಬಹುದು, ಇದ್ದಲ್ಲೇ ಇದ್ದರೆ, ನೋವು ಹೆಚ್ಚಿದರೆ ತೆರೆಯಬೇಕು. ಗಡುವು ಇಟ್ಟುಕೊಳ್ಳದೆ, ವಾಂತಿ ನಿಲ್ಲುವ ಇಂಜೆಕ್ಷನ್ ದಿನಕ್ಕೊಂದರಂತೆ ಹಾಕಿಸುತ್ತ ಐದು ದಿನ ದೂಡುವುದನ್ನು ಮಾತ್ರ ಕಾಯುವುದೆಂದು ಕರೆಯಲಾಗದು. ಅದು ಲಕ್ಷಣವನ್ನು ಮುಚ್ಚಿ ಕರುಳನ್ನು ಕೊಳೆಯಲು ಬಿಡುತ್ತದೆ. ಮೂರನೆಯ ದಿನ ಕರುಳಿಗೊಂದು ಸಣ್ಣ ಕೊಯ್ತದಲ್ಲಿ ಮುಗಿಯಬಹುದಾಗಿದ್ದ ಕೆಲಸ ಆರನೆಯ ದಿನ ಅರ್ಧ ಮೊಳ ಕರುಳು ಕತ್ತರಿಸುವ ಕೆಲಸವಾಗಿರುತ್ತದೆ.

ಎಲ್ಲಿ ಮಾಡಿಸುವುದು, ಏನು ಕೇಳುವುದು

ಜಠರದಿಂದ ಕಾಲುಚೀಲ ತೆಗೆಯುವಂತಹ ಸರಳ ಶಸ್ತ್ರಚಿಕಿತ್ಸೆಯನ್ನು ಅನುಭವಿ ಪಶುವೈದ್ಯರು ತಮ್ಮ ಚಿಕಿತ್ಸಾಲಯದಲ್ಲೇ ಚೆನ್ನಾಗಿ ಮಾಡುತ್ತಾರೆ. ಕರುಳು ಕತ್ತರಿಸಿ ಜೋಡಿಸುವುದು, ಹೊಟ್ಟೆಯ ಸೋಂಕು, ಗುಲ್ಮದ ರಕ್ತಸ್ರಾವ ಇವಕ್ಕೆ ರಾತ್ರಿಯಿಡೀ ನೋಡಿಕೊಳ್ಳುವವರು, ಆಮ್ಲಜನಕ, ಅನಿಲ ಅರಿವಳಿಕೆಯ ಯಂತ್ರ, ರಕ್ತದೊತ್ತಡ ಅಳೆಯುವ ಸೌಲಭ್ಯ, ರಕ್ತ ಕೊಡುವ ವ್ಯವಸ್ಥೆ ಇರುವ ಜಾಗ ಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಬೋಧನಾ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗ ಇರುವುದರಿಂದ ಆ ಸುತ್ತಿನವರು ನೆನಪಿಟ್ಟುಕೊಳ್ಳಬೇಕಾದ ದಾರಿ ಅದು, ಸರತಿಯಲ್ಲಿ ಕೂರುವ ತಾಳ್ಮೆ ಬೇಕಷ್ಟೆ. ಖಾಸಗಿ ಆಸ್ಪತ್ರೆಯಲ್ಲಿ ಬೇಗ ಆಗುತ್ತದೆ, ಬೆಲೆ ಹೆಚ್ಚು. ನೂರು ಕಿಲೋಮೀಟರ್ ದೂರದ ಉತ್ತಮ ಆಸ್ಪತ್ರೆಗಿಂತ, ತಿರುಚಿದ ಜಠರದ ನಾಯಿಗೆ ಹತ್ತು ಕಿಲೋಮೀಟರ್ ದೂರದ ಸಾಧಾರಣ ಚಿಕಿತ್ಸಾಲಯವೇ ಮೇಲು. ಬಹುದಿನದ ಕಾಯಿಲೆಯ ಬೆಕ್ಕಿಗೆ ಇದರ ತದ್ವಿರುದ್ಧ.

ರಕ್ತ ಬೇಕಾಗಬಹುದಾದರೆ ಮನೆಯ ಇನ್ನೊಂದು ಆರೋಗ್ಯವಂತ ದೊಡ್ಡ ನಾಯಿಯನ್ನೂ ಕರೆತರುವಂತೆ ಹೇಳಬಹುದು. ಬೆಕ್ಕುಗಳಲ್ಲಿ ಮಾತ್ರ ಗುಂಪು ನೋಡದೆ ಮೊದಲ ಸಲವೂ ರಕ್ತ ಕೊಡುವಂತಿಲ್ಲ. ಬಿ ಗುಂಪಿನ ಬೆಕ್ಕಿಗೆ ಎ ಗುಂಪಿನ ರಕ್ತ ಸ್ವಲ್ಪ ಹೋದರೂ ಪ್ರಾಣಕ್ಕೆ ಬರುತ್ತದೆ.

ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ, ಎರಡು ಮೊತ್ತಗಳಾಗಿ ಕೇಳಿ: ಸರಳವಾಗಿ ಮುಗಿದರೆ ಎಷ್ಟು, ಕರುಳು ಕತ್ತರಿಸಬೇಕಾದರೆ ಎಷ್ಟು. ಬಯಾಪ್ಸಿ ಪ್ರಯೋಗಾಲಯದ ಶುಲ್ಕ, ನಂತರದ ಒಳರೋಗಿ ದಿನಗಳು ಅದರಲ್ಲಿ ಸೇರಿವೆಯೇ ಎಂದೂ ಕೇಳಿ. ಹಣ ಸೀಮಿತವಾಗಿದ್ದರೆ ಮುಚ್ಚಿಡದೆ ಮೊದಲೇ ಹೇಳುವುದು ಒಳ್ಳೆಯದು. ಇರುವ ಹಣದಲ್ಲಿ ಮೂರು ಸ್ಕ್ಯಾನ್ ಮುಗಿಸಿ ಶಸ್ತ್ರಚಿಕಿತ್ಸೆಗೆ ಕೈ ಬರಿದಾದವರನ್ನು ಕಂಡಿದ್ದೇನೆ, ಅವರಿಗೆ ಮೊದಲ ಎಕ್ಸ್‌ರೇ ನಂತರವೇ ತೆರೆಯುವುದು ಸರಿಯಾದ ಆಯ್ಕೆಯಾಗಿರುತ್ತಿತ್ತು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನಿಮ್ಮ ಫೋನ್ ಕೈಯಲ್ಲಿರಲಿ. ಹೊಟ್ಟೆ ತೆರೆದಿಟ್ಟುಕೊಂಡು ನಿಮ್ಮ ಒಂದು ಮಾತಿಗಾಗಿ ಕಾಯುವ ಪ್ರಸಂಗ ನಿಜಕ್ಕೂ ಬರುತ್ತದೆ.

ಮನೆಗೆ ಬಂದ ಮೇಲೆ ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕೋನ್, 10ರಿಂದ 14 ದಿನ ಓಟ, ನೆಗೆತ ಬಂದ್, ಸ್ನಾನವಿಲ್ಲ. ನೋವಿಗೆ ಮನೆಯ ಔಷಧಿ ಪೆಟ್ಟಿಗೆಯನ್ನು ತೆರೆಯಬೇಡಿ: ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಐಬುಪ್ರೊಫೆನ್ ನಾಯಿ, ಬೆಕ್ಕು ಎರಡಕ್ಕೂ. ಊಟವನ್ನು ಬಹಳ ದಿನ ಕಟ್ಟುವುದು ಹಳೆಯ ಪದ್ಧತಿ. ವಾಂತಿಯಿಲ್ಲದಿದ್ದರೆ ಮೊದಲ ಒಂದು ದಿನದೊಳಗೇ ಮೆತ್ತನೆಯ ಆಹಾರ ಸ್ವಲ್ಪ ಸ್ವಲ್ಪ ಕೊಟ್ಟರೆ ಕರುಳು ಬೇಗ ಮಾಗುತ್ತದೆ. ಎರಡನೆಯ ದಿನ ಬಾಲ ಅಲ್ಲಾಡಿಸಿತೆಂದು ಗೆದ್ದೆವೆಂದುಕೊಳ್ಳಬಾರದು, ಏಕೆಂದರೆ ಕರುಳಿನ ಹೊಲಿಗೆ ಸೋರುವುದಿದ್ದರೆ ಸಾಮಾನ್ಯವಾಗಿ ಮೂರನೆಯ ದಿನದಿಂದ ಐದನೆಯ ದಿನದೊಳಗೆ. ಆ ಮೂರು ದಿನಗಳಲ್ಲಿ ಮತ್ತೆ ವಾಂತಿ, ಜ್ವರ, ಊಟದ ನಿರಾಕರಣೆ, ಮುಟ್ಟಿದರೆ ಬಿಗಿಯುವ ಹೊಟ್ಟೆ ಕಂಡರೆ ರಾತ್ರಿಯಾಗಿದ್ದರೂ ಫೋನ್ ಮಾಡಬೇಕು. ಊರಿನ ಮದುವೆಗೆ ಹೋಗುವ ಟಿಕೆಟ್ ಆ ದಿನಗಳಿಗೇ ಇದ್ದರೆ, ಮನೆಯ ಒಬ್ಬರಾದರೂ ನಾಯಿಯ ಜೊತೆ ಉಳಿಯುವಂತೆ ನೋಡಿಕೊಳ್ಳಿ.